ಕೂದಲಲ್ಲೋ, ರಕ್ತದಲ್ಲೋ, ಮೂತ್ರದಲ್ಲೋ: ಲೋಹವನ್ನು ಎಲ್ಲಿ ಹುಡುಕಬೇಕು?

ಹಳೆಯ ಬ್ಯಾಟರಿಗಳ ಸೀಸದ ಬಗ್ಗೆ ಹಿಂದೊಮ್ಮೆ ಈ ಅಂಕಣದಲ್ಲಿ ಬರೆದ ನಾಲ್ಕು ಸಾಲಿನ ಉತ್ತರಕ್ಕೆ ಕೊಡಗಿನಿಂದ ಇಷ್ಟೊಂದು ಪತ್ರಗಳು ಬರುತ್ತವೆಂದು ನಾನು ಎಣಿಸಿರಲಿಲ್ಲ. ಎಲ್ಲ ಪತ್ರಗಳ ಒಳಗಿನ ಪ್ರಶ್ನೆ ಒಂದೇ: ಮಣ್ಣು, ನೀರು, ಗಾಳಿ, ಪಾತ್ರೆಗಳಲ್ಲಿರುವ ಲೋಹ ನಮ್ಮ ಮೈಯೊಳಗೆ ಎಷ್ಟು ಸೇರಿದೆ, ಅದನ್ನು ತಿಳಿಯುವುದು ಹೇಗೆ? ಅವುಗಳಲ್ಲಿ ಏಳನ್ನು ಆರಿಸಿ, ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿ, ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ (ಸುಂಟಿಕೊಪ್ಪ): ನನ್ನ ಮಗನಿಗೆ ಏಳು ವರ್ಷ. ಪಾಠದಲ್ಲಿ ಅವನ ಗಮನ ನಿಲ್ಲುವುದಿಲ್ಲವೆಂದು ಶಾಲೆಯಲ್ಲಿ ಹೇಳಿದರು. ಪರಿಚಯದವರೊಬ್ಬರ ಸಲಹೆಯಂತೆ ಅವನ ಕೂದಲನ್ನು ಕತ್ತರಿಸಿ ಕೊರಿಯರ್‌ನಲ್ಲಿ ಒಂದು ಪ್ರಯೋಗಾಲಯಕ್ಕೆ ಕಳುಹಿಸಿದೆವು. 22 ಲೋಹಗಳ ವರದಿ ಬಂದಿದ್ದು, ಸೀಸ ಮತ್ತು ಅಲ್ಯೂಮಿನಿಯಂ ಕೆಂಪು ಬಣ್ಣದಲ್ಲಿವೆ. ಈಗ ಅಲ್ಲಿಂದಲೇ ಫೋನ್ ಮಾಡಿ, ಲೋಹ ತೆಗೆಯುವ ಡ್ರಿಪ್ಪನ್ನು ಹತ್ತು ಸಲ ಹಾಕಿಸಬೇಕು ಎನ್ನುತ್ತಿದ್ದಾರೆ. ಏನು ಮಾಡಲಿ ಡಾಕ್ಟರೇ?

ಉತ್ತರ: ಮೊದಲನೆಯದಾಗಿ ಆ ಡ್ರಿಪ್ಪಿಗೆ ಒಪ್ಪಬೇಡಿ. ಎರಡನೆಯದಾಗಿ, ಮಗನ ತೋಳಿನ ರಕ್ತನಾಳದಿಂದ ರಕ್ತ ತೆಗೆಸಿ, ಅದರಲ್ಲಿ ಸೀಸವೊಂದನ್ನೇ ಅಳೆಯಿಸಿ. ಉಳಿದ 21 ಲೋಹಗಳನ್ನು ಸದ್ಯಕ್ಕೆ ಮರೆತುಬಿಡಿ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಬೆಳೆಯುವಾಗ ಬುಡದಲ್ಲಿ ರಕ್ತದಿಂದ ಒಂದಿಷ್ಟು ಲೋಹವನ್ನು ಹೀರಿಕೊಳ್ಳುವುದೂ ನಿಜ. ಆದರೆ ಚರ್ಮದಿಂದ ಹೊರಬಂದ ಮೇಲೆ ಅದೇ ಕೂದಲು ರಸ್ತೆಯ ಧೂಳು, ಸ್ನಾನದ ನೀರು, ಎಣ್ಣೆ, ಶಾಂಪೂ ಎಲ್ಲದರಿಂದಲೂ ಲೋಹವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಳಗಿನಿಂದ ಬಂದ ಸೀಸ ಯಾವುದು, ಹೊರಗಿನಿಂದ ಅಂಟಿದ್ದು ಯಾವುದು ಎಂದು ಪ್ರಯೋಗಾಲಯದಲ್ಲಿ ಎಷ್ಟು ತೊಳೆದರೂ ಖಚಿತವಾಗಿ ಬೇರ್ಪಡಿಸಲಾಗದು. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆರೋಗ್ಯವಾಗಿದ್ದ ಒಬ್ಬರೇ ವ್ಯಕ್ತಿಯ ಕೂದಲನ್ನು ಆರು ವಾಣಿಜ್ಯ ಪ್ರಯೋಗಾಲಯಗಳಿಗೆ ಕಳುಹಿಸಿದರು. ಹಲವು ಖನಿಜಗಳ ವಿಷಯದಲ್ಲಿ ಒಂದು ಪ್ರಯೋಗಾಲಯದ ಅಂಕಿಗೂ ಇನ್ನೊಂದರ ಅಂಕಿಗೂ ಹತ್ತು ಪಟ್ಟಿಗಿಂತ ಹೆಚ್ಚಿನ ಅಂತರವಿತ್ತು. ತಲೆ ಒಂದೇ, ಕೂದಲು ಒಂದೇ, ವರದಿ ಮಾತ್ರ ಆರು ಬಗೆ.

ಹಾಗೆಂದು ಕೂದಲಿನ ಪರೀಕ್ಷೆಯೇ ಮೋಸವೆಂದು ತಿಳಿಯಬೇಕಿಲ್ಲ. 1971-72ರಲ್ಲಿ ಇರಾಕಿನಲ್ಲಿ, ಬಿತ್ತನೆಗೆಂದು ಮೀಥೈಲ್ ಪಾದರಸ ಲೇಪಿಸಿ ತರಿಸಿದ್ದ ಗೋಧಿಯನ್ನು ಹಳ್ಳಿಯ ಜನ ಹಿಟ್ಟು ಮಾಡಿಸಿ ರೊಟ್ಟಿ ತಟ್ಟಿ ತಿಂದರು. 6,500ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, 459 ಮಂದಿ ಅಲ್ಲಿಯೇ ಸತ್ತರು. ಆಗ ತಾಯಂದಿರ ಉದ್ದ ಕೂದಲನ್ನು ಸೆಂಟಿಮೀಟರ್ ಲೆಕ್ಕದಲ್ಲಿ ತುಂಡರಿಸಿ ಅಳೆದ ವಿಜ್ಞಾನಿಗಳಿಗೆ, ಗರ್ಭದ ಯಾವ ತಿಂಗಳಲ್ಲಿ ಎಷ್ಟು ಪಾದರಸ ಮೈಸೇರಿತೆಂಬುದನ್ನು ತಿಂಗಳು ತಿಂಗಳಾಗಿ ಓದಲು ಸಾಧ್ಯವಾಯಿತು. ಆಹಾರದಿಂದ ಬರುವ ಮೀಥೈಲ್ ಪಾದರಸಕ್ಕೆ ಕೂದಲು ಅಷ್ಟು ಒಳ್ಳೆಯ ದಾಖಲೆ, ಏಕೆಂದರೆ ಅದು ರಕ್ತದಲ್ಲಿರುವುದಕ್ಕಿಂತ ಸುಮಾರು 250 ಪಟ್ಟು ಸಾಂದ್ರವಾಗಿ ಕೂದಲಿನಲ್ಲಿ ಕೂಡಿಕೊಳ್ಳುತ್ತದೆ. ಸೀಸಕ್ಕೆ ಆ ಮಾತು ಸಲ್ಲುವುದಿಲ್ಲ. ರಕ್ತಕ್ಕೆ ಸೇರಿದ ಸೀಸದ ಶೇ. 99ರಷ್ಟು ಕೆಂಪು ರಕ್ತಕಣಗಳಲ್ಲಿಯೇ ಕುಳಿತಿರುತ್ತದೆ, ಆದ್ದರಿಂದ ಸೀರಮ್ (ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿ) ಅಲ್ಲ, ಇಡೀ ರಕ್ತವನ್ನೇ ಅಳೆಯಬೇಕು. ಬೆರಳು ಚುಚ್ಚಿ ತೆಗೆದ ಹನಿಯಲ್ಲಿ ಅಂಕಿ ಹೆಚ್ಚು ಬಂದರೆ ಅದು ಬೆರಳಿನ ಕೊಳೆಯ ಸೀಸವೂ ಆಗಿರಬಹುದಾದ್ದರಿಂದ ತೋಳಿನ ರಕ್ತದಿಂದಲೇ ಖಚಿತಪಡಿಸಿಕೊಳ್ಳಬೇಕು. ಲೋಹದ ಪರೀಕ್ಷೆಗೆಂದೇ ಮಾಡಿದ, ಲೋಹಾಂಶವಿಲ್ಲದ ಟ್ಯೂಬ್ ಇದೆಯೇ ಎಂದು ರಕ್ತ ತೆಗೆಯುವವರನ್ನು ಮೊದಲೇ ಕೇಳಿ, ಅವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ.

ಬರುವ ಅಂಕಿ ಡೆಸಿಲೀಟರಿಗೆ, ಅಂದರೆ ನೂರು ಮಿಲಿಲೀಟರ್ ರಕ್ತಕ್ಕೆ, ಇಷ್ಟು ಮೈಕ್ರೋಗ್ರಾಂ ಎಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ 5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು. ಅಮೆರಿಕದಲ್ಲಿ ಮಕ್ಕಳಿಗೆ ಅದೇ ವರ್ಷದಿಂದ 3.5 ಎಂಬ ಗೆರೆಯನ್ನು ಬಳಸುತ್ತಾರೆ. ಇವು ಸುರಕ್ಷಿತ ಮಟ್ಟಗಳಲ್ಲ. ಸೀಸಕ್ಕೆ ಅಂಥ ಮಟ್ಟವೊಂದು ಇದುವರೆಗೆ ಸಿಕ್ಕಿಲ್ಲ. ಮಕ್ಕಳಿಗೆ ಲೋಹ ಕಟ್ಟಿ ಹೊರಹಾಕುವ ಕೀಲೇಷನ್ ಔಷಧಿಯ ಯೋಚನೆ ಬರುವುದು ಸಾಮಾನ್ಯವಾಗಿ 45 ದಾಟಿದ ಮೇಲೆ, ಅದೂ ಆಸ್ಪತ್ರೆಯಲ್ಲಿ. ಆ ಡ್ರಿಪ್ಪಿನಲ್ಲಿ ಬಳಸುವ ಇಡಿಟಿಎ ಔಷಧಿಯ ತಪ್ಪು ಲವಣವನ್ನು ಕೊಟ್ಟಿದ್ದರಿಂದ ರಕ್ತದ ಕ್ಯಾಲ್ಸಿಯಂ ಕುಸಿದು ಮಕ್ಕಳು ಸತ್ತ ದಾಖಲೆಗಳಿವೆ. ನಾನು ಮೊದಲ ಸಾಲಿನಲ್ಲೇ ಬೇಡವೆಂದದ್ದು ಅದಕ್ಕಾಗಿ. ಇನ್ನು, ಮೊದಲು ಕೀಲೇಷನ್ ಮಾತ್ರೆ ನುಂಗಿಸಿ ಆಮೇಲೆ ಮೂತ್ರ ಅಳೆಯುವ ಪದ್ಧತಿಯೊಂದಿದೆ. ಲೋಹವನ್ನು ಮೂತ್ರಕ್ಕೆ ಎಳೆದು ತರುವುದೇ ಆ ಮಾತ್ರೆಯ ಕೆಲಸವಾದ್ದರಿಂದ, ಮಾತ್ರೆ ತೆಗೆದುಕೊಳ್ಳದವರ ಮಟ್ಟದೊಂದಿಗೆ ಹೋಲಿಸಿದರೆ ಯಾರ ವರದಿಯಾದರೂ ಕೆಂಪಾಗಿಯೇ ಬರುತ್ತದೆ. ಹಾರಂಗಿ ಅಣೆಕಟ್ಟಿನ ಗೇಟು ತೆರೆದುಬಿಟ್ಟು, ಕೆಳಗಿನ ಕೂಡಿಗೆಯಲ್ಲಿ ನಿಂತು ಹೊಳೆ ತುಂಬಿದೆ ಎಂದು ಬರೆದುಕೊಂಡ ಹಾಗೆ.

ಗಮನ ನಿಲ್ಲದಿರುವುದಕ್ಕೂ ಸೀಸಕ್ಕೂ ಸಂಬಂಧವಿರಬಹುದೆಂಬ ನಿಮ್ಮ ಅನುಮಾನ ಸುಳ್ಳಲ್ಲ. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಎರಡು ಊರುಗಳ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಸೀಸವನ್ನು ಅಳೆದರು. ಕಾಯಿಲೆಯ ಯಾವ ಲಕ್ಷಣವೂ ಇಲ್ಲದ ಮಕ್ಕಳಲ್ಲಿಯೂ, ಹಲ್ಲಿನಲ್ಲಿ ಸೀಸ ಹೆಚ್ಚಿದ್ದವರ ಬುದ್ಧಿಶಕ್ತಿಯ ಅಂಕ ಕಡಿಮೆಯಿತ್ತು, ತರಗತಿಯಲ್ಲಿ ಗಮನ ಚದುರುವುದು ಹೆಚ್ಚಿತ್ತು. ನಾವು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯುತ್ತಿದ್ದ ಹಾಲುಹಲ್ಲಿನೊಳಗೆ ಅಷ್ಟೆಲ್ಲ ಬರೆದಿರುತ್ತದೆಂದು ಯಾರು ಎಣಿಸಿದ್ದರು? ಈಗಂತೂ ಹಲ್ಲನ್ನು ಸೀಳಿ, ತೇಗದ ಮರದ ಉಂಗುರಗಳನ್ನು ಎಣಿಸುವಂತೆ, ಒಂದೊಂದು ಪದರವನ್ನೂ ಲೇಸರ್‌ನಿಂದ ಓದಿ, ಹುಟ್ಟುವ ಮುಂಚೆ ಎಷ್ಟು, ಹುಟ್ಟಿದ ಮೇಲೆ ಎಷ್ಟು ಎಂದು ಹೇಳುವ ತಂತ್ರಗಳಿವೆ. ಅವೆಲ್ಲ ಸಂಶೋಧನೆಗೆ. ನಿಮ್ಮ ಮಗನಿಗೆ ಒಂದು ಟ್ಯೂಬ್ ರಕ್ತ ಸಾಕು.

ನಮ್ಮ ರಾಜ್ಯಕ್ಕೂ ಇದು ಹೊಸ ವಿಷಯವಲ್ಲ. ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನವು ದೇಶದ ದೊಡ್ಡ ನಗರಗಳಲ್ಲಿ ನಡೆಸಿ 1999ರಲ್ಲಿ ಮುಂದಿಟ್ಟ ರಕ್ತಪರೀಕ್ಷೆಯಲ್ಲಿ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ 10 ಮೈಕ್ರೋಗ್ರಾಂ ದಾಟಿತ್ತು. ಮರುವರ್ಷ, 2000ದಲ್ಲಿ, ದೇಶದಾದ್ಯಂತ ಸೀಸಯುಕ್ತ ಪೆಟ್ರೋಲ್ ನಿಂತಿತು. ಪೆಟ್ರೋಲಿನಿಂದ ಬರುತ್ತಿದ್ದುದು ಹೋದ ಮೇಲೆ ಮನೆಯೊಳಗಿನ ಮೂಲಗಳು ಮುಖ್ಯವಾಗಿವೆ: ಹಳೆಯ ಬಾಗಿಲು, ಕಿಟಕಿ, ತೊಟ್ಟಿಲುಗಳ ಏಳುತ್ತಿರುವ ಬಣ್ಣ (ಮನೆ ಬಣ್ಣಗಳಲ್ಲಿ ಸೀಸವನ್ನು 90 ಪಿಪಿಎಂಗೆ, ಅಂದರೆ ಹತ್ತು ಲಕ್ಷದಲ್ಲಿ 90 ಪಾಲಿಗೆ, ಇಳಿಸಿದ ನಿಯಮ ಬಂದದ್ದು 2016ರಲ್ಲಿ), ಬಿಡಿ ಅರಿಸಿನ ಪುಡಿ, ಕಾಡಿಗೆ, ಯಾರೋ ಕೊಟ್ಟ ಭಸ್ಮ. ಅರಿಸಿನಕ್ಕೆ ಹೊಳಪು ಬರಲೆಂದು ಬೆರೆಸುವ ಸೀಸದ ಕ್ರೋಮೇಟ್ ವಿಷಯದಲ್ಲಿ ಬಾಂಗ್ಲಾದೇಶದಲ್ಲಿ ನಡೆದ ಪತ್ತೆದಾರಿಕೆ ಸ್ವಾರಸ್ಯಕರವಾಗಿದೆ. ಸೀಸದಲ್ಲಿ ತೂಕ ಬೇರೆಬೇರೆಯಾದ ನಾಲ್ಕು ಸ್ಥಿರ ಐಸೋಟೋಪ್‌ಗಳಿದ್ದು, ಅವುಗಳ ಪರಸ್ಪರ ಪ್ರಮಾಣ ಅದಿರಿನಿಂದ ಅದಿರಿಗೆ ಬದಲಾಗುತ್ತದೆ. ಬಸುರಿಯರ ರಕ್ತದಲ್ಲಿದ್ದ ಸೀಸದ ಆ ಗುರುತು ಅರಿಸಿನದ ಸೀಸದ ಗುರುತಿಗೆ ಹೊಂದಿದ್ದನ್ನು 2019ರಲ್ಲಿ ಪ್ರಕಟಿಸಿದರು. ನಿಮ್ಮಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಮನೆಯನ್ನು ಒಮ್ಮೆ ಕಣ್ಣಿಟ್ಟು ನೋಡಿ. ಜೊತೆಗೆ ಮಗನ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ಮೈಯ ಕಬ್ಬಿಣದ ದಾಸ್ತಾನನ್ನು ತೋರಿಸುವ ಅಂಕಿ) ನೋಡಿಸಿ. ನುಂಗಿದ ಸೀಸದಲ್ಲಿ ದೊಡ್ಡವರ ಕರುಳು ಹತ್ತರಲ್ಲಿ ಒಂದು ಪಾಲನ್ನು ಹೀರಿದರೆ ಚಿಕ್ಕ ಮಕ್ಕಳ ಕರುಳು ಹತ್ತಿರ ಹತ್ತಿರ ಅರ್ಧವನ್ನೇ ಹೀರುತ್ತದೆ, ಮೈಯಲ್ಲಿ ಕಬ್ಬಿಣದ ಕೊರತೆಯಿದ್ದರೆ ಇನ್ನೂ ಹೆಚ್ಚು. ಕೆಂಪು ಬಣ್ಣದ ಅಲ್ಯೂಮಿನಿಯಂ ಬಗ್ಗೆ ಚಿಂತೆ ಬಿಡಿ.

ಪ್ರಶ್ನೆ (ನಾಪೋಕ್ಲು): ನಮ್ಮ ಮಾವನವರಿಗೆ 66 ವರ್ಷ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಿಗಾಗಿ ಪ್ರತಿ ವರ್ಷ ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ಅಜ್ಜನ ಕಾಲದ ಕೇಪಿನ ಕೋವಿಗೆ ಬೇಕಾದ ಗುಂಡನ್ನು ಹಿಂದಿನ ಅಡುಗೆಮನೆಯ ಒಲೆಯಲ್ಲಿ ಸೀಸ ಕರಗಿಸಿ ತಾವೇ ಅಚ್ಚಿಗೆ ಹೊಯ್ಯುತ್ತಾರೆ. ನಾನು ಈಗ ನಾಲ್ಕು ತಿಂಗಳ ಗರ್ಭಿಣಿ. ಮನೆಯಲ್ಲಿ ಯಾರಿಗೆ ಪರೀಕ್ಷೆ ಮಾಡಿಸಬೇಕು? ಮಾವನವರಿಗೆ ಇದನ್ನು ಎದುರಿಗೆ ಹೇಳುವ ಧೈರ್ಯ ನನಗಿಲ್ಲ.

ಉತ್ತರ: ಇಬ್ಬರಿಗೂ ರಕ್ತದ ಸೀಸ ಪರೀಕ್ಷೆ ಆಗಬೇಕು, ಮೊದಲು ನಿಮಗೆ, ಈ ವಾರದಲ್ಲಿಯೇ.

ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಸೌದೆ ಒಲೆಗೆ ಅದು ಕಷ್ಟದ ಶಾಖವಲ್ಲ. ಕರಗಿದ ಸೀಸದಿಂದ ಏಳುವ ಹೊಗೆ ಶಾಖ ಹೆಚ್ಚಾದಂತೆ ಹೆಚ್ಚುತ್ತದೆಯಾದರೂ, ಮನೆಮಂದಿಗೆ ಅದಕ್ಕಿಂತ ದೊಡ್ಡ ತೊಂದರೆ ಬೇರೆಡೆ ಇದೆ. ಕರಗಿದ ಸೀಸದ ಮೇಲೆ ಕಟ್ಟುವ ಬೂದುಬಣ್ಣದ ಕೆನೆಯನ್ನು ಸೌಟಿನಿಂದ ತೆಗೆದು ಒಲೆಯ ಪಕ್ಕ ಬಡಿದಾಗ ಉದುರುವ ಪುಡಿ ಹಿಟ್ಟಿನಷ್ಟು ನುಣುಪು. ಅದು ನೆಲಕ್ಕೆ, ನೆಲದಿಂದ ಕಾಲಿಗೆ, ಮಸಿಬಟ್ಟೆಗೆ, ಪಾತ್ರೆಯ ಅಂಚಿಗೆ ಸೇರುತ್ತದೆ. ಅಭ್ಯಾಸದ ವೇಳೆಯಲ್ಲಿ ಬೇರೊಂದು ದಾರಿಯಿದೆ: ಇಂದಿನ ತೋಟಾಗಳ ಕೇಪಿನೊಳಗೆ ಸಾಮಾನ್ಯವಾಗಿ ಸೀಸದ ಸಂಯುಕ್ತವೊಂದಿರುತ್ತದೆ, ಗುಂಡು ಹಾರಿದಾಗ ಅದು ಹೊಗೆಯಾಗಿ ಹೊಡೆದವರ ಮುಖ, ಕೈ, ಅಂಗಿಯ ಮೇಲೆ ಕೂರುತ್ತದೆ. ಅದೇ ಕೈಯಲ್ಲಿ ಎಲೆಯಡಿಕೆ ಹಾಕಿಕೊಂಡರೆ ಸೀಸ ನೇರವಾಗಿ ಬಾಯಿಗೆ ಹೋಗುತ್ತದೆ. ಬೇಟೆಯ ವಿಷಯ ನೀವು ಬರೆದಿಲ್ಲ, 1972ರ ವನ್ಯಜೀವಿ ಕಾಯ್ದೆ ಇರುವಾಗ ನಾನೂ ಕೇಳುವುದಿಲ್ಲ. ಆದರೆ ಸೀಸದ ಚರೆ ಮಾಂಸದೊಳಗೆ ಹಲ್ಲಿಗೆ ಸಿಗದಷ್ಟು ಸಣ್ಣ ಚೂರುಗಳಾಗಿ ಹರಡುತ್ತದೆಂಬುದನ್ನು ಓದುಗರೆಲ್ಲ ತಿಳಿದಿರಲಿ.

ಪರೀಕ್ಷೆಯ ಸಮಯವೂ ಮುಖ್ಯ. ರಕ್ತಕ್ಕೆ ಬಂದ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇಳಿದದ್ದೆಲ್ಲ ಮೂತ್ರದಲ್ಲಿ ಹೋಗುವುದಿಲ್ಲ, ಒಂದು ಪಾಲು ಮೂಳೆಗೆ ಸೇರಿ ದಶಕಗಳ ಕಾಲ ಅಲ್ಲಿಯೇ ಉಳಿಯುತ್ತದೆ. ದೊಡ್ಡವರ ಮೈಯ ಸೀಸದಲ್ಲಿ ಶೇ. 90ಕ್ಕೂ ಹೆಚ್ಚು ಮೂಳೆಯಲ್ಲಿರುತ್ತದೆ. ಆದ್ದರಿಂದ ಮಾವನವರ ರಕ್ತವನ್ನು ಅಭ್ಯಾಸ ಬಿರುಸಾಗಿರುವ ಆಗಸ್ಟ್‌ನಲ್ಲಿ ಅಥವಾ ಹಬ್ಬ ಮುಗಿದ ಕೂಡಲೇ ತೆಗೆಸಬೇಕು. ವರ್ಷದ ಕೊನೆಗೆ ಬರುವ ಸುಗ್ಗಿಯ ಹಬ್ಬ ಪುತ್ತರಿ ಕಳೆದ ಮೇಲೆ ತೆಗೆಸಿ ಅಂಕಿ ಕಡಿಮೆ ಬಂತೆಂದು ನೆಮ್ಮದಿಪಟ್ಟರೆ ಅದು ಋತುವಿನ ಇಳಿತವನ್ನು ನೋಡಿ ಪಟ್ಟ ನೆಮ್ಮದಿ. ಜಿಂಕ್ ಪ್ರೋಟೋಪೋರ್ಫೈರಿನ್ ಎಂಬ ಇನ್ನೊಂದು ಪರೀಕ್ಷೆ, ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನಗಳಾದ್ದರಿಂದ, ಹಿಂದಿನ ಮೂರು ನಾಲ್ಕು ತಿಂಗಳ ಸೀಸದ ಪರಿಣಾಮವನ್ನು ತೋರಿಸಬಲ್ಲದು. ಆದರೆ ಕಬ್ಬಿಣದ ಕೊರತೆಯಲ್ಲಿಯೂ ಅದು ಏರುವುದರಿಂದ ಅದನ್ನೊಂದನ್ನೇ ನಂಬಲಾಗದು. ಅವರ ರಕ್ತದೊತ್ತಡ ಮತ್ತು ಮೂತ್ರಪಿಂಡದ ಪರೀಕ್ಷೆಯನ್ನೂ ಜೊತೆಗೆ ಮಾಡಿಸಿ. ದೊಡ್ಡವರಲ್ಲಿ ಸೀಸ ಸದ್ದಿಲ್ಲದೆ ಕೆಲಸ ಮಾಡುವುದು ಅಲ್ಲಿ.

ನಿಮ್ಮ ವಿಷಯ ಬೇರೆ. ಸೀಸ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಸರಾಗವಾಗಿ ದಾಟುತ್ತದೆ. ಅಲ್ಲದೆ ಮಗುವಿನ ಮೂಳೆಗೆ ಕ್ಯಾಲ್ಸಿಯಂ ಒದಗಿಸಲು ತಾಯಿಯ ಮೂಳೆ ಕರಗುವಾಗ, ಹಿಂದೆಂದೋ ಅಲ್ಲಿ ಸೇರಿದ್ದ ಸೀಸವೂ ರಕ್ತಕ್ಕೆ ಮರಳುತ್ತದೆ. ಹಾಲು, ಮೊಸರು, ರಾಗಿ, ವೈದ್ಯರು ಬರೆದ ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳನ್ನು ತಪ್ಪಿಸಬೇಡಿ. ಫಲಿತಾಂಶ 5 ಅಥವಾ ಹೆಚ್ಚಿದ್ದರೆ ನಿಮ್ಮ ಹೆರಿಗೆ ವೈದ್ಯರಿಗೆ ತೋರಿಸಿ, ಸ್ವಲ್ಪ ದಿನ ಬಿಟ್ಟು ಮತ್ತೊಮ್ಮೆ ಅಳೆಯಿಸಿ. ಆ ಅಡುಗೆಮನೆಯನ್ನು ನೀವು ಗುಡಿಸಬೇಡಿ. ಬೇರೆಯವರು ಒದ್ದೆ ಬಟ್ಟೆಯಿಂದ ಒರೆಸಲಿ. ಪೊರಕೆ ಆಡಿಸಿದರೆ ಪುಡಿ ಗಾಳಿಗೇಳುತ್ತದೆ.

ಇನ್ನು ಧೈರ್ಯದ ಮಾತು. ಈ ಪುಟವನ್ನು ಮಾವನವರ ಕೈಗೆ ಸಿಗುವಲ್ಲಿ ಇಟ್ಟುಬಿಡಿ, ಮುಂದಿನದನ್ನು ನಾನೇ ಅವರಿಗೆ ಹೇಳುತ್ತೇನೆ. ಹಿರಿಯರೇ, ಕೋವಿ ನಿಮ್ಮ ಮನೆತನದ ಪೂಜೆಯ ವಸ್ತು, ಅದನ್ನು ಕೆಳಗಿಡಿ ಎಂದು ಯಾರೂ ಹೇಳುತ್ತಿಲ್ಲ. ಎರಕದ ಕೆಲಸವನ್ನು ಹೆರಿಗೆಯಾಗಿ ಮಗು ದೊಡ್ಡದಾಗುವವರೆಗೆ ನಿಲ್ಲಿಸಿದರೆ ಒಳ್ಳೆಯದು. ನಿಲ್ಲಿಸಲಾಗದಿದ್ದರೆ ಮನೆಯಿಂದ ದೂರ, ಗಾಳಿಯಾಡುವ ಬಯಲಿನಲ್ಲಿ, ಅಡುಗೆಗೆ ಎಂದೂ ಬಳಸದ ಪಾತ್ರೆಯಲ್ಲಿ ಮಾಡಿ. ಅಭ್ಯಾಸಕ್ಕೆ ಹಾಕಿದ ಅಂಗಿಯನ್ನು ಹೊರಗೇ ಬಿಚ್ಚಿ ಬೇರೆಯಾಗಿ ಒಗೆಸಿ, ಕೈ ಮುಖ ಸೋಪಿನಿಂದ ತೊಳೆದ ಮೇಲೆ ಎಲೆಯಡಿಕೆಗೆ ಕೈ ಹಾಕಿ. ನಿಮ್ಮ ಗುರಿಗೆ ಇದರಿಂದ ಏನೂ ಕೊರತೆಯಾಗದು.

ಪ್ರಶ್ನೆ (ವಿರಾಜಪೇಟೆ): ಆರೋಗ್ಯ ತಪಾಸಣೆಯ ಪ್ಯಾಕೇಜಿನಲ್ಲಿ ನನ್ನ ಮೂತ್ರದ ಆರ್ಸೆನಿಕ್ ಲೀಟರಿಗೆ 180 ಮೈಕ್ರೋಗ್ರಾಂ ಎಂದು ಬಂದಿದೆ. ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ನಮ್ಮ ಬಾವಿಯಲ್ಲಿ ಪಾಷಾಣವಿದೆಯೇ?

ಉತ್ತರ: ಹಿಂದಿನ ರಾತ್ರಿ ಊಟಕ್ಕೆ ಏನಿತ್ತು ಎಂದು ಯಾರಾದರೂ ಕೇಳಿದರೇ? ಮಂಗಳೂರಿನಿಂದ ಬರುವ ಬಂಗುಡೆ, ಸೀಗಡಿ, ಏಡಿ ಯಾವುದನ್ನಾದರೂ ಪರೀಕ್ಷೆಗೆ ಒಂದೆರಡು ದಿನ ಮೊದಲು ತಿಂದಿದ್ದರೆ ಇಂಥ ಅಂಕಿ ಬರುವುದು ಸಹಜ. ಸಮುದ್ರದ ಮೀನಿನಲ್ಲಿ ಆರ್ಸೆನೋಬೀಟೈನ್ ಎಂಬ ರೂಪದ ಆರ್ಸೆನಿಕ್ ಇರುತ್ತದೆ. ಅದು ಮೈಗೆ ಹಾನಿ ಮಾಡದೆ, ರೂಪ ಬದಲಿಸದೆ, ಎರಡು ಮೂರು ದಿನಗಳಲ್ಲಿ ಮೂತ್ರದಲ್ಲಿ ಹೊರಟುಹೋಗುತ್ತದೆ. ಒಟ್ಟು ಆರ್ಸೆನಿಕ್ ಅಳೆಯುವ ಯಂತ್ರಕ್ಕೆ ಮೀನಿನ ಆರ್ಸೆನಿಕ್ಕೂ ಒಂದೇ, ಬಾವಿಯ ಪಾಷಾಣವೂ ಒಂದೇ. ನಾಲ್ಕು ದಿನ ಸಮುದ್ರದ ಆಹಾರ ಬಿಟ್ಟು ಮತ್ತೆ ಪರೀಕ್ಷಿಸಿ. ಆಗಲೂ ಹೆಚ್ಚಿದ್ದರೆ ರೂಪಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆಯನ್ನು ಕೇಳಿ. ಮೂತ್ರ ತೆಳುವಾಗಿತ್ತೇ ಗಟ್ಟಿಯಾಗಿತ್ತೇ ಎಂಬುದನ್ನು ಸರಿದೂಗಿಸಲು ಕ್ರಿಯಾಟಿನಿನ್ ಲೆಕ್ಕವೂ ವರದಿಯಲ್ಲಿರಬೇಕು.

ನೀರಿನ ಆರ್ಸೆನಿಕ್ ನಮ್ಮ ರಾಜ್ಯಕ್ಕೆ ಅಪರಿಚಿತವಲ್ಲ: ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಚಿನ್ನದ ಗಣಿಗಾರಿಕೆ ನಡೆದ ಶಿಲಾಪ್ರದೇಶದಲ್ಲಿ, ಕೊಳವೆಬಾವಿಯ ನೀರು ಕುಡಿದವರ ಅಂಗೈ ಅಂಗಾಲು ಗಂಟುಗಟ್ಟಿ ಚರ್ಮದ ಮೇಲೆ ಚುಕ್ಕೆಗಳೆದ್ದದ್ದು ದಾಖಲಾಗಿದೆ. ಅಂಥ ದೀರ್ಘಕಾಲದ ಸೇವನೆಯನ್ನು ತಿಳಿಯಲು ಕಾಲಿನ ಉಗುರು ಒಳ್ಳೆಯ ಸಾಕ್ಷಿ. ನಿಧಾನವಾಗಿ ಬೆಳೆಯುವುದರಿಂದ ಅದರ ತುದಿಯಲ್ಲಿ ಆರು ತಿಂಗಳಿಂದ ಒಂದು ವರ್ಷದ ಹಿಂದಿನ ಸಂಗತಿ ಇರುತ್ತದೆ. ನೀವು ಮೊದಲು ಮೀನು ಬಿಟ್ಟು ನೋಡಿ.

ಪ್ರಶ್ನೆ (ಕುಶಾಲನಗರ): ಕೊಳವೆಬಾವಿಯ ನೀರು ಕೊಡದಲ್ಲಿಟ್ಟ ಸ್ವಲ್ಪ ಹೊತ್ತಿಗೆ ಕೆಂಪಾಗುತ್ತದೆ. ನಮ್ಮೆಲ್ಲರ ರಕ್ತ ಪರೀಕ್ಷೆ ಮಾಡಿಸಬೇಕೇ?

ಉತ್ತರ: ಬೇಡ, ನೀರನ್ನು ಪರೀಕ್ಷಿಸಿ. ಗಾಳಿ ಸೋಕಿದ ಮೇಲೆ ಕೆಂಪಾಗುವುದು ಕಬ್ಬಿಣ. ಆ ನೀರಿನಲ್ಲಿ ಚಹಾ ಕಾಯಿಸಿದರೆ ಬಣ್ಣ ಕಪ್ಪಿಗೆ ತಿರುಗುವುದನ್ನೂ ಗಮನಿಸಿರುತ್ತೀರಿ. ರುಚಿ ಕೆಡುತ್ತದೆ, ಬಟ್ಟೆ ಕಲೆಯಾಗುತ್ತದೆ, ಆದರೆ ಸೀಸ ಆರ್ಸೆನಿಕ್‌ಗಳ ಸಾಲಿನ ವಿಷ ಅದಲ್ಲ. ನೀರು ಕೊಡುವಾಗ ಸೀಸ ಮತ್ತು ಆರ್ಸೆನಿಕ್ ಎರಡನ್ನೂ ಸೇರಿಸಿ ಅಳೆಯಲು ಹೇಳಿ. ಭಾರತೀಯ ಮಾನಕದಲ್ಲಿ ಎರಡಕ್ಕೂ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಬಾವಿಯ ನೀರು ತಿಳಿಯಬೇಕಾದರೆ ಪಂಪನ್ನು ಕೆಲವು ನಿಮಿಷ ಓಡಿಸಿ ಹಿಡಿಯಿರಿ. ಮನೆಯ ಹಿತ್ತಾಳೆ ನಲ್ಲಿ, ಬೆಸುಗೆಗಳಿಂದ ಸೀಸ ಬರುತ್ತಿದೆಯೇ ಎಂದು ತಿಳಿಯಬೇಕಾದರೆ ಬೆಳಿಗ್ಗೆ ಮೊದಲು ಬರುವ ನೀರನ್ನೇ ಹಿಡಿಯಬೇಕು. ಬಾಟಲಿಯನ್ನು ಪ್ರಯೋಗಾಲಯದಿಂದಲೇ ತನ್ನಿ, ಲೋಹ ಗೋಡೆಗೆ ಅಂಟದಂತೆ ಅದರಲ್ಲಿ ಆಮ್ಲ ಹಾಕಿರುತ್ತಾರೆ, ತೊಳೆಯಬೇಡಿ.

ಪ್ರಶ್ನೆ (ಸಿದ್ದಾಪುರ): ರಾಕ್ ಫಾಸ್ಫೇಟ್‌ನಲ್ಲಿ ಕ್ಯಾಡ್ಮಿಯಂ ಇದೆಯೆಂದು ಓದಿದೆ. ತೋಟಕ್ಕೆ 30 ವರ್ಷದಿಂದ ಹಾಕುತ್ತಿದ್ದೇನೆ. ನಾನು ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದುವವನು ಎಂಬುದನ್ನೂ ತಿಳಿಸುತ್ತೇನೆ.

ಉತ್ತರ: ಕೊನೆಯ ವಾಕ್ಯದಲ್ಲಿ ಉತ್ತರವನ್ನು ನೀವೇ ಬರೆದಿದ್ದೀರಿ. ಫಾಸ್ಫೇಟ್ ಶಿಲೆಯಲ್ಲಿ ಕ್ಯಾಡ್ಮಿಯಂ ಇರುವುದು, ಅದರ ಪ್ರಮಾಣ ಶಿಲೆ ಬಂದ ಊರಿಗೆ ತಕ್ಕಂತೆ ಬದಲಾಗುವುದು ಎರಡೂ ನಿಜ. ಆದರೆ ಹೊಗೆಸೊಪ್ಪಿನ ಗಿಡ ಮಣ್ಣಿನ ಕ್ಯಾಡ್ಮಿಯಂ ಅನ್ನು ಎಲೆಯಲ್ಲಿ ಕೂಡಿಡುತ್ತದೆ, ಹೊಗೆಯಲ್ಲಿ ಬಂದದ್ದನ್ನು ಶ್ವಾಸಕೋಶ ಕರುಳಿಗಿಂತ ಎಷ್ಟೋ ಚೆನ್ನಾಗಿ ಹೀರುತ್ತದೆ. ಸೇದುವವರ ಮೈಯಲ್ಲಿ ಕ್ಯಾಡ್ಮಿಯಂ ಸೇದದವರಿಗಿಂತ ಸುಮಾರು ಎರಡು ಪಟ್ಟು. ಇದು ಮೂತ್ರಪಿಂಡದಲ್ಲಿ ಕುಳಿತು, ಅರ್ಧಕ್ಕೆ ಇಳಿಯಲು 10ರಿಂದ 30 ವರ್ಷ ತೆಗೆದುಕೊಳ್ಳುತ್ತದೆ. ಹಾಗಾಗಿ ಇತ್ತೀಚಿನದನ್ನು ತಿಳಿಯಲು ರಕ್ತ, ಜೀವಮಾನದ ಲೆಕ್ಕಕ್ಕೆ ಮೂತ್ರ. ಮೂತ್ರದಲ್ಲಿ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಎಂಬ ಸಣ್ಣ ಪ್ರೋಟೀನ್ ಹೆಚ್ಚಿದ್ದರೆ ಮೂತ್ರಪಿಂಡದ ನಾಳಗಳಿಗೆ ಪೆಟ್ಟು ಬಿದ್ದಿದೆ ಎಂದರ್ಥ. ಜಪಾನಿನ ಜಿಂಜೂ ನದಿಯ ದಡದಲ್ಲಿ ಗಣಿಯ ನೀರು ಹರಿದ ಗದ್ದೆಯ ಅಕ್ಕಿ ಉಂಡ ಹೆಂಗಸರ ಮೂಳೆಗಳು ಮುರಿದು, ನೋವಿನ ಕೂಗೇ 'ಇತಾಯ್-ಇತಾಯ್' ಎಂದು ರೋಗದ ಹೆಸರಾಯಿತು; ಅಲ್ಲಿನ ಸರ್ಕಾರ ಕ್ಯಾಡ್ಮಿಯಂ ಕಾರಣವೆಂದು ಒಪ್ಪಿದ್ದು 1968ರಲ್ಲಿ. ಗೊಬ್ಬರದ ಚಿಂತೆ ನಂತರ ಮಾಡೋಣ, ಸಿಗರೇಟು ಬಿಡಿ.

ಪ್ರಶ್ನೆ (ಪಾಲಿಬೆಟ್ಟ): ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅರೇಬಿಕಾ ಗಿಡದ ತುಕ್ಕು ರೋಗಕ್ಕೆ ಶೇ. 0.5, ಮೆಣಸಿನ ಬಳ್ಳಿಗೆ ಶೇ. 1 ಬೋರ್ಡೋ (ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣದ ದ್ರಾವಣ) ಹೊಡೆಸುತ್ತೇವೆ. ನನ್ನ, ನನ್ನ ಹೆಂಡತಿಯ, ಸಾಧ್ಯವಾದರೆ ಕೆಲಸದವರ ರಕ್ತದ ತಾಮ್ರವನ್ನು ಪರೀಕ್ಷಿಸಬೇಕೆಂದಿದ್ದೇನೆ. ಸರಿಯೇ?

ಉತ್ತರ: ಪಟ್ಟಿಯ ಕ್ರಮ ತಲೆಕೆಳಗಾಗಿದೆ, ಪರೀಕ್ಷೆಯೂ ಸರಿಯಾದದ್ದಲ್ಲ.

ತಾಮ್ರ ಸೀಸದಂತಲ್ಲ. ಅದು ಮೈಗೆ ಬೇಕಾದ ಲೋಹ, ಆದ್ದರಿಂದ ಯಕೃತ್ತು ಅದನ್ನು ಹತೋಟಿಯಲ್ಲಿಟ್ಟು ಹೆಚ್ಚಾದದ್ದನ್ನು ಪಿತ್ತದ ಮೂಲಕ ಹೊರಹಾಕುತ್ತದೆ. ಸೀರಮ್‌ನ ತಾಮ್ರದ ಬಹುಪಾಲು ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಈ ಪ್ರೋಟೀನು ಬಸುರಿನಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ, ಸೋಂಕಿನ ಜ್ವರದಲ್ಲಿ ತಾನಾಗಿಯೇ ಏರುತ್ತದೆ. ಹೀಗಾಗಿ ಬೋರ್ಡೋ ಹೊಡೆದ ಆಳಿನ ವರದಿ ಸರಿಯಾಗಿಯೇ ಬಂದು, ಎಂದೂ ಪಂಪು ಮುಟ್ಟದ ಬಸುರಿಯ ವರದಿ ಹೆಚ್ಚು ಬರುವುದು ಸಾಧ್ಯ. ನಿಮ್ಮ ಹಣ ಹೋಗುತ್ತದೆ, ಕೆಲಸದವರಿಗೆ ಏನೂ ಆಗಿಲ್ಲವೆಂಬ ಕಾಗದವೂ ಸಿಗುತ್ತದೆ. ನನಗೆ ಹೆದರಿಕೆ ಆ ಕಾಗದದ ಬಗ್ಗೆ.

ತಾಮ್ರದ ಅಪಾಯವನ್ನು ರಕ್ತದಲ್ಲಿ ಹುಡುಕುವ ಬದಲು, ಅದು ಮೈಸೇರುವ ಬಾಗಿಲಲ್ಲಿ ನಿಂತು ಅಳೆಯಬೇಕು. ವೃತ್ತಿ ಆರೋಗ್ಯದ ತಜ್ಞರು ಕೆಲಸಗಾರನ ಸೊಂಟಕ್ಕೆ ಕೈಗಡಿಯಾರದ ಡಬ್ಬಿಯಷ್ಟು ದೊಡ್ಡ ಪಂಪೊಂದನ್ನು ಕಟ್ಟಿ, ಅದರ ಕೊಳವೆಯನ್ನು ಅಂಗಿಯ ಕಾಲರಿಗೆ, ಮೂಗಿನ ಹತ್ತಿರ, ಸಿಕ್ಕಿಸುತ್ತಾರೆ. ದಿನವಿಡೀ ಅವನು ಉಸಿರಾಡುವ ಗಾಳಿಯ ಹನಿ, ಪುಡಿಗಳು ಅದರ ಸೋಸುಕಾಗದದ ಮೇಲೆ ಕೂರುತ್ತವೆ; ಸಂಜೆ ಆ ಕಾಗದವನ್ನು ಆಮ್ಲದಲ್ಲಿ ಕರಗಿಸಿ ತಾಮ್ರವನ್ನು ಅಳೆಯುತ್ತಾರೆ. ಅಂಗೈಯನ್ನು ಒದ್ದೆ ಕಾಗದದಿಂದ ಒರೆಸಿ, ಬೆನ್ನು ಎದೆಗಳ ಮೇಲೆ ಬಟ್ಟೆಯ ತುಂಡುಗಳನ್ನು ಅಂಟಿಸಿ ಚರ್ಮದ ಲೆಕ್ಕವನ್ನೂ ತೆಗೆಯಬಹುದು. ಇಂಥ ಅಳತೆ ನಡೆದರೆ ತೋಟದ ಮಾಲೀಕನಿಗಿಂತ ಮೈಲುತುತ್ತ ಕಲಸುವವನು, ಅವನಿಗಿಂತ ಗಾಳಿಗೆ ಎದುರಾಗಿ ಸಿಂಪಡಿಸುವ ಕೋಲು ಹಿಡಿದವನು ಎಷ್ಟು ಮುಂದಿದ್ದಾನೆ ಎಂಬುದು ಕಾಣುತ್ತದೆ.

ಕಲಸುವ ಜಾಗದಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿ. ಶೇ. 1ರ ಬೋರ್ಡೋಗೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಾನೊಮ್ಮೆ ಕಂಡದ್ದು ಹೀಗಿತ್ತು: ಹುಡುಗನೊಬ್ಬ ನೀಲಿ ಹರಳನ್ನು ಬರಿಗೈಯಲ್ಲಿ ಬೊಗಸೆ ತುಂಬಿ ಡ್ರಮ್ಮಿಗೆ ಹಾಕಿ, ಬಿದಿರಿನಲ್ಲಿ ತಿರುವಿ, ಮಿಶ್ರಣ ಸರಿಯಾಯಿತೇ ಎಂದು ಕತ್ತಿಯ ಅಲಗನ್ನು ಅದ್ದಿ ತೆಗೆದ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರಿಂದ ಇನ್ನಷ್ಟು ಸುಣ್ಣ ಸುರಿದ. ಕಬ್ಬಿಣದ ಮೇಲೆ ಬಿಡಿ ತಾಮ್ರ ಕೂರುವ ಈ ಪರೀಕ್ಷೆ ಗಿಡದ ಎಲೆ ಸುಡದಿರಲೆಂದು. ಎಲೆಗೆ ಇಷ್ಟು ಜಾಗ್ರತೆ ತೆಗೆದುಕೊಂಡವನ ಬೆರಳ ಸಂದಿಗಳು ನೀಲಿಯಾಗಿದ್ದವು, ಉಗುರಿನ ಬುಡ ಬಿರಿದಿತ್ತು. ಅದೇ ಕೈ ಒರೆಸಿಕೊಂಡು ಬುತ್ತಿ ಬಿಚ್ಚಿದ.

ಹೊಗೆಯಂತೆ ಏಳುವ ಹನಿಯ ಹಾನಿ ಹಳೆಯ ಸುದ್ದಿ. ಬೋರ್ಡೋ ಹುಟ್ಟಿದ್ದು 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಅದನ್ನು ವರ್ಷಗಟ್ಟಲೆ ಹೊಡೆದ ಪೋರ್ಚುಗಲ್ಲಿನ ಕೂಲಿಗಳ ಶ್ವಾಸಕೋಶದಲ್ಲಿ ತಾಮ್ರ ತುಂಬಿದ ಗಂಟುಗಳನ್ನು 1969ರಲ್ಲಿ ವೈದ್ಯರು ವರದಿ ಮಾಡಿದರು. ಕ್ಷಯವೆಂದು ತಪ್ಪು ತಿಳಿಯಬಹುದಾದ ಕಾಯಿಲೆ ಅದು. ನಿಮ್ಮಲ್ಲಿ ಹತ್ತು ಹದಿನೈದು ವರ್ಷ ಪಂಪು ಹಿಡಿದವರು ಕೆಮ್ಮು, ಏದುಸಿರು ಎಂದರೆ ಎದೆಯ ಎಕ್ಸ್-ರೇ ಮತ್ತು ಊದಿಸಿ ನೋಡುವ ಸ್ಪೈರೋಮೆಟ್ರಿ ಮಾಡಿಸಿ, ವೈದ್ಯರಿಗೆ ಬೋರ್ಡೋ ವಿಷಯವನ್ನು ಬಾಯಿಬಿಟ್ಟು ಹೇಳಿ. ತೋಟದ ಕೆಲಸದವರ ಲೈನ್‌ಮನೆಯಿಂದ ಬಂದವನು ತಾನಾಗಿ ಹೇಳುವುದಿಲ್ಲ, ವೈದ್ಯರು ಕೇಳುವುದೂ ಅಪರೂಪ. ಅಸ್ಸಾಮಿನಿಂದ ಬಂದು ಎರಡು ಹಂಗಾಮು ದುಡಿದು ಹೊರಟುಹೋಗುವವರ ಎದೆಯಲ್ಲಿ ಉಳಿದದ್ದು ಯಾವ ಆಸ್ಪತ್ರೆಯ ಲೆಕ್ಕಕ್ಕೂ ಬರುವುದಿಲ್ಲ.

ಪರೀಕ್ಷೆಗೆ ತೆಗೆದಿಟ್ಟ ಹಣದಲ್ಲಿ ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಹನಿ ತಡೆಯುವ ಸರಿಯಾದ ಮಾಸ್ಕ್ ಕೊಳ್ಳಿ. ಟವೆಲ್ ಸುತ್ತಿಕೊಂಡರೆ ಅದು ಮಾಸ್ಕ್ ಆಗುವುದಿಲ್ಲ. ಸುಣ್ಣ ಕಣ್ಣಿಗೆ ಬಿದ್ದರೆ ತಾಮ್ರಕ್ಕಿಂತ ಬೇಗ ಕಣ್ಣು ಹೋಗುವುದರಿಂದ ಕಲಸುವ ಜಾಗದಲ್ಲಿ ಶುದ್ಧ ನೀರಿನ ಡ್ರಮ್ಮೊಂದು ಯಾವಾಗಲೂ ತುಂಬಿರಲಿ. ಮೈಲುತುತ್ತದ ಚೀಲವನ್ನು ಬೀಗ ಹಾಕಿದ ಕೋಣೆಯಲ್ಲಿಡಿ: ನುಂಗಿದವರಿಗೆ ನೀಲಿ ಹಸಿರು ವಾಂತಿಯಾಗಿ, ರಕ್ತಕಣಗಳು ಒಡೆದು, ಮೂತ್ರಪಿಂಡ ಸೋಲುತ್ತದೆ. ಶುಂಠಿ ಬೆಳೆಯುವ ಓದುಗರಿಗೂ ಒಂದು ಮಾತು: ಬಿತ್ತನೆ ಅದ್ದಲೆಂದು ತಂದ ಪಾದರಸದ ಹಳೆಯ ಔಷಧಿಯ ಡಬ್ಬಿ ಅಟ್ಟದಲ್ಲಿ ಉಳಿದಿದ್ದರೆ ಬಳಸಬೇಡಿ. ಮೆಥಾಕ್ಸಿ ಈಥೈಲ್ ಪಾದರಸ ಕ್ಲೋರೈಡ್ ದೇಶದಲ್ಲಿ 2018ರಿಂದ ನಿಷಿದ್ಧ.

ಪ್ರಶ್ನೆ (ಪೊನ್ನಂಪೇಟೆ): ಅತ್ತೆಯವರು ಕೊಟ್ಟ ಕಾಚಂಪುಳಿಯನ್ನು (ನಮ್ಮ ಅಡುಗೆಯ ಗಟ್ಟಿ ಹುಳಿರಸ) ಹಳೆಯ ಹಿತ್ತಾಳೆ ಪಾತ್ರೆಯಲ್ಲಿ ಇಟ್ಟಿದ್ದೆ. ಅಂಚಿನಲ್ಲಿ ಹಸಿರು ಕಂಡಿತು. ಪಂದಿಕರಿಗೆ (ಹಂದಿಮಾಂಸದ ಸಾರಿಗೆ) ಬಳಸಬಹುದೇ?

ಉತ್ತರ: ಬಳಸಬೇಡಿ, ಚೆಲ್ಲಿ. ಕಾಚಂಪುಳಿಯಷ್ಟು ಹುಳಿಯಾದದ್ದು ಕಲಾಯಿ ಹೋದ ಹಿತ್ತಾಳೆಯ ತಾಮ್ರವನ್ನು ಬೇಗ ಕರಗಿಸುತ್ತದೆ, ಊಟವಾದ ಸ್ವಲ್ಪ ಹೊತ್ತಿಗೆ ಓಕರಿಕೆ, ವಾಂತಿ ಶುರುವಾಗಬಹುದು. ಇದಕ್ಕೆ ಯಾವ ರಕ್ತ ಪರೀಕ್ಷೆಯೂ ಬೇಡ. ಕಲಾಯಿ ಹಾಕಿಸುವುದಾದರೆ ಶುದ್ಧ ತವರದಲ್ಲಿಯೇ ಹಾಕಿಸಿ. ಅಗ್ಗವಾಗಲೆಂದು ತವರಕ್ಕೆ ಸೀಸ ಬೆರೆಸುವವರಿದ್ದಾರೆ. ಕಾಚಂಪುಳಿಗೆ ಮಾತ್ರ ಗಾಜಿನ ಬಾಟಲಿ ಅಥವಾ ಹಿಂದಿನವರು ಇಡುತ್ತಿದ್ದ ಮಣ್ಣಿನ ಭರಣಿ.